ಇನ್ನೂರ ನಲವತ್ತು ಬಾಟಲಿ ಅರಬ್ಬೀ ಸಮುದ್ರ

೧೯೯೬ರ ಫೆಬ್ರವರಿಯ ಒಂದು ಬೆಳಿಗ್ಗೆ, ಕೊಚ್ಚಿಯಿಂದ ಮೈಸೂರಿಗೆ ಹೊರಟಿದ್ದ ಲಾರಿಯೊಂದು ಬಂಡೀಪುರದ ಕಾಡು ದಾಟಿ ಗುಂಡ್ಲುಪೇಟೆ ಸೇರುವ ಹೊತ್ತಿಗೆ ಹಿಂದಿನ ಆಕ್ಸಲ್ ಮುರಿದುಕೊಂಡು ರಸ್ತೆ ಬದಿಗೆ ಕೂತುಬಿಟ್ಟಿತು. ಅದರಲ್ಲಿದ್ದ ಸರಕು ಅರಬ್ಬೀ ಸಮುದ್ರ. ಹದಿನೈದು ಮರದ ಪೆಟ್ಟಿಗೆ, ಪೆಟ್ಟಿಗೆಗೆ ಹದಿನಾರು ಗಾಜಿನ ಬಾಟಲಿ, ಒಟ್ಟು ಇನ್ನೂರ ನಲವತ್ತು.

ಸರಕಿನ ಕಾವಲಿಗೆಂದು ಡ್ರೈವರ್ ಬೀರಯ್ಯನ ಪಕ್ಕ ಕೂತು ಬಂದವನು ಸಿದ್ದಾರ್ಥ. ಚಾಮರಾಜನಗರ ತಾಲ್ಲೂಕಿನ ಉಡಿಗಾಲದವನು, ಅಲ್ಲಿ ಕೂಲಿ ಮಾಡುವ ಮಾದಣ್ಣನ ಮಗ, ವಯಸ್ಸು ಇಪ್ಪತ್ತಾರು. ಎಂ.ಎಸ್ಸಿ. ಮುಗಿಸಿ ಕೊಚ್ಚಿಯ ಒಂದು ಸಮುದ್ರ ಸಂಶೋಧನಾ ಕಚೇರಿಯಲ್ಲಿ ಸಹಾಯಕನಾಗಿದ್ದ. ಅವನ ಕೆಲಸ ಏನೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಮಾದಣ್ಣ "ನೀರ್ ಸಪ್ಲೈ" ಅನ್ನುತ್ತಿದ್ದ.

ಲಾರಿ ರಿಪೇರಿಗೆ ಹತ್ತು ದಿನವಾದರೂ ಬೇಕೆಂದು ಮೆಕ್ಯಾನಿಕ್ ಹೇಳಿದ. ಪೆಟ್ಟಿಗೆಗಳನ್ನು ಬಿಸಿಲಲ್ಲಿ ಬಿಡುವ ಹಾಗಿರಲಿಲ್ಲ. ಸಿದ್ದಾರ್ಥನ ಸೋದರತ್ತೆ ಮರಿತಾಯಮ್ಮ ಅಲ್ಲೇ ಹೆದ್ದಾರಿಯ ಪಕ್ಕದ ಶಿವಮಲ್ಲಪ್ಪನ ಈರುಳ್ಳಿ ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸದಲ್ಲಿದ್ದಳು. ಅವಳ ಮಾತಿನ ಮೇಲೆ ಶಿವಮಲ್ಲಪ್ಪ ಮಂಡಿಯ ಒಂದು ಮೂಲೆ ಬಿಟ್ಟುಕೊಟ್ಟ.

"ಏನಪ್ಪ ಇವು, ಬ್ರಾಂದಿಯಾ?" ಎಂದು ಕೇಳಿದ.

"ಅಲ್ಲ ಸಾರ್, ಸಮುದ್ರದ ನೀರು."

"ಯಾಕೆ, ಸಮುದ್ರದಲ್ಲಿ ಇಲ್ವಾ ಅದು?"

"ಅಲ್ಲೂ ಇದೆ ಸಾರ್."

"ಮತ್ತೆ ಇಲ್ಲಿಗ್ಯಾಕೆ ತಂದೆ?"

ಸಿದ್ದಾರ್ಥ ಮೂಟೆಯ ಮೇಲೆ ಕೂತು ವಿವರಿಸಿದ. ಚಳಿಗಾಲದಲ್ಲಿ ಗುಜರಾತಿನ ಆಚೆ ನೆಲದ ಕಡೆಯಿಂದ ಒಣಗಾಳಿ ಸಮುದ್ರದ ಮೇಲೆ ಬೀಸುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಉಳಿದ ನೀರು ಉಪ್ಪಾಗಿ, ಮೇಲಾಗಿ ತಣ್ಣಗಾಗಿ, ತೂಕ ಹೆಚ್ಚಿ ಮುಳುಗುತ್ತದೆ. ಮುಳುಗಿದ್ದು ಅಲ್ಲೇ ನಿಲ್ಲುವುದಿಲ್ಲ. ಮೇಲಿನ ನೀರಿನ ಅಡಿಯಲ್ಲಿ ಒಂದು ಪದರವಾಗಿ ಹರಡಿಕೊಂಡು ತೆಂಕಣಕ್ಕೆ, ಕೇರಳದ ಕಡೆಗೆ ಸರಿಯುತ್ತದೆ. ಒಂದು ವರ್ಷ ಹೆಚ್ಚು ಮುಳುಗುತ್ತದೋ, ಒಂದು ವರ್ಷ ಕಮ್ಮಿಯೋ, ಅದನ್ನು ತಿಳಿಯಬೇಕು. ಅದಕ್ಕೆ ಮೂರು ಚಳಿಗಾಲ ಹಡಗಿನಲ್ಲಿ ಹೋಗಿ, ಎಂಟು ಜಾಗಗಳಲ್ಲಿ, ಒಂದೊಂದು ಜಾಗದಲ್ಲೂ ಹತ್ತು ಆಳಗಳಿಂದ ನೀರು ಎತ್ತಿದ್ದರು. ಆದರೆ ಮೊದಲ ಚಳಿಗಾಲದಲ್ಲೇ ಕಚೇರಿಯ ಉಪ್ಪು ಅಳೆಯುವ ಯಂತ್ರ ಕೆಟ್ಟಿತು. ಅದರ ರಿಪೇರಿಯ ಫೈಲು ಮೂರು ವರ್ಷದಿಂದ ಸಹಿ ಹುಡುಕಿಕೊಂಡು ತಿರುಗುತ್ತಿತ್ತು. ಕೊನೆಗೆ, ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಇಂಥದೇ ಯಂತ್ರ ಇದೆಯೆಂದು ಯಾರಿಗೋ ನೆನಪಾಗಿ ಬಾಟಲಿಗಳು ಲಾರಿ ಹತ್ತಿದ್ದವು.

ಶಿವಮಲ್ಲಪ್ಪ ಪೂರ್ತಿ ಕೇಳಿಸಿಕೊಂಡ. "ಅಂದ್ರೆ ಸರ್ಕಾರದ ಖರ್ಚಲ್ಲಿ ಉಪ್ಪುನೀರು ಉಪ್ಪಗಿದೆಯಾ ಅಂತ ನೋಡ್ತೀರಿ," ಎಂದು ಹೇಳಿ ಎದ್ದುಹೋದ.

ಮೂರನೆಯ ದಿನ ಸಿದ್ದಾರ್ಥ ಮೆಕ್ಯಾನಿಕ್ ಅಂಗಡಿಗೆ ಹೋಗಿದ್ದಾಗ, ಯಾರದೂ ಅಲ್ಲದ ಒಂದು ಕಂದು ಮೇಕೆ ಮಂಡಿಯೊಳಕ್ಕೆ ಬಂತು. ಬಾಟಲಿಗಳ ಮೇಲಿನ ಚೀಟಿಗಳನ್ನು ಮೈದಾ ಅಂಟಿನಲ್ಲಿ ಅಂಟಿಸಿದ್ದರು. ಸೆಖೆಗೆ ಗಾಳಿಯಾಡಲೆಂದು ಪೆಟ್ಟಿಗೆಗಳ ಮುಚ್ಚಳ ತೆಗೆದಿದ್ದದ್ದು ಸಿದ್ದಾರ್ಥನೇ. ಮೇಕೆ ಆತುರ ಮಾಡಲಿಲ್ಲ. ಒಂದೊಂದಾಗಿ, ಗಾಜು ನೆಕ್ಕಿ ಶುಚಿ ಮಾಡಿಕೊಂಡು ಮುಂದಕ್ಕೆ ಹೋಯಿತು. ಅದನ್ನು ಓಡಿಸುವ ಹೊತ್ತಿಗೆ ಹತ್ತೊಂಬತ್ತು ಚೀಟಿಗಳು ಉಳಿದಿದ್ದವು.

ಸಿದ್ದಾರ್ಥ ಬಂದು ನೋಡಿದ. ಯಾವ ಚಳಿಗಾಲದ್ದು, ಯಾವ ಜಾಗದ್ದು, ಎಷ್ಟು ಆಳದ್ದು, ಒಂದೂ ತಿಳಿಯುವಂತಿರಲಿಲ್ಲ. ಎಲ್ಲವೂ ನೋಡಲು ಒಂದೇ ನೀರು. ಹಡಗಿನಲ್ಲಿ ವಾಂತಿ ಮಾಡಿಕೊಂಡು ಕಳೆದ ಮೂರು ಚಳಿಗಾಲಗಳು ಮೇಕೆಯ ಹೊಟ್ಟೆ ಸೇರಿದ್ದವು. ಅವನು ನೆಲದ ಮೇಲೆ ಕೂತು, ಮಂಡಿಯವರೆಲ್ಲ ನೋಡುತ್ತಿದ್ದಂತೆಯೇ ಅತ್ತ.

ಮರಿತಾಯಮ್ಮ ಮೊರ ಕೆಳಗಿಟ್ಟು ಬಂದಳು. ಐವತ್ತೆರಡು ವರ್ಷದ, ಎತ್ತರದ ಹೆಂಗಸು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು, ಒಬ್ಬಳೇ ಮಗಳು ಕುಮಾರಿಯನ್ನು ಭೀಮನಬೀಡಿಗೆ ಕೊಟ್ಟಿದ್ದಳು.

"ಯಾಕ್ಲಾ ಮೊಗ, ಸತ್ತೋರ್ ಮನೇಲಿ ಕುಂತಂಗೆ ಕುಂತಿದ್ದೈ? ಚೀಟಿ ಓದ್ರೆ ಓಯ್ತು ಬುಡು. ನೀರು ಅದ್ಯಲ್ಲ."

"ನೀರಿದ್ದು ಏನತ್ತೆ? ಯಾವ್ದು ಎಲ್ಲೀದು ಅಂತ ಎಂಗೆ ಗೊತ್ತಾಗದು?"

"ನೆಕ್ ನೋಡುದ್ರೆ ಗೊತ್ತಾಗಕಿಲ್ವ?"

ಇದನ್ನು ಅವಳು ಹಾಸ್ಯಕ್ಕೆ ಹೇಳಿರಲಿಲ್ಲ. ಮರಿತಾಯಮ್ಮನ ನಾಲಿಗೆಯ ವಿಷಯ ಅವಳ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರ ಮನೆಯ ಉಪ್ಪೆಸರನ್ನೇ ಬಾಯಿಗಿಟ್ಟರೂ ಅದು ಯಾವ ಬಾವಿಯ ನೀರಲ್ಲಿ ಬೆಂದದ್ದು, ಉಪ್ಪು ಹಾಕಿದ್ದು ಸೊಪ್ಪು ಬೇಯುವ ಮೊದಲೋ ಆಮೇಲೋ ಎಂದು ಹೇಳುತ್ತಿದ್ದಳು. ಹೊಸದಾಗಿ ಬೋರ್‌ವೆಲ್ ಕೊರೆಸಿದವರು ಮೊದಲ ಚೊಂಬು ನೀರನ್ನು ಅವಳಿಗೆ ಕುಡಿಸಿ, "ಸಪ್ಪೆನಾ, ಸವಳಾ?" ಎಂದು ಕೇಳುವುದು ವಾಡಿಕೆಯಾಗಿತ್ತು.

ಕಳೆದುಕೊಳ್ಳಲು ಇನ್ನೇನೂ ಇಲ್ಲದ್ದರಿಂದ ಸಿದ್ದಾರ್ಥ ಪರೀಕ್ಷೆ ಮಾಡಿದ. ಚೀಟಿ ಉಳಿದಿದ್ದ ಹತ್ತೊಂಬತ್ತು ಬಾಟಲಿಗೆ ಬಟ್ಟೆ ಸುತ್ತಿ, ಒಂದೊಂದರಿಂದಲೂ ತೊಳೆದ ಚಮಚದಲ್ಲಿ ಎರಡೆರಡು ಹನಿ ಕೊಟ್ಟ. ಮರಿತಾಯಮ್ಮ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಒಂದು ಹಿಡಿ ಪುರಿ ಅಗಿದು ಶುರುಮಾಡಿದಳು.

"ಇದು ಮ್ಯಾಲಿಂದು. ಬಿಸ್ಲು ಕಂಡದೆ." ಮುಂದಿನದು. "ಇದು ಅದ್ರ ಕೆಳೀಕಿಂದು. ಅದೇ ಜಾಗ." ಮುಂದಿನದು. ಕಣ್ಣು ಮುಚ್ಚಿಕೊಂಡಳು. "ಇದು ಒಂದ್ಸಲ ಮ್ಯಾಲಿತ್ತು ಕಣ್ಲಾ. ಗಾಳಿಗೆ ಒಣಗ್ಬುಟ್ಟದೆ, ಚಳಿ ತಿಂದದೆ, ಆಮೇಕೆ ಮುಳುಗ್ಬುಟ್ಟದೆ. ಬೋ ದೂರ ನಡ್ದದೆ. ಸುಸ್ತಾಗ್ಬುಟ್ಟದೆ."

ಸಿದ್ದಾರ್ಥ ಬಟ್ಟೆ ಬಿಚ್ಚಿದ. ಕೇರಳದ ಹತ್ತಿರ, ಎಪ್ಪತ್ತೈದು ಮೀಟರ್ ಆಳ. ಸುಸ್ತಾಗಿದೆ ಎಂದರೆ ದಾರಿಯಲ್ಲಿ ಅಕ್ಕಪಕ್ಕದ ನೀರು ಬೆರೆತು ಉಪ್ಪು ಕಮ್ಮಿಯಾಗಿದೆ ಎಂದರ್ಥ. ಪುಸ್ತಕದಲ್ಲಿ ಇದ್ದದ್ದೂ ಅದೇ. ಹತ್ತೊಂಬತ್ತರಲ್ಲಿ ಹತ್ತೊಂಬತ್ತೂ ಸರಿಯಾದವು. ಅವನು ಒಂದೊಂದು ಚೀಟಿಯನ್ನೂ ಎರಡೆರಡು ಸಲ ಓದಿದ. ಅತ್ತೆ ಮಾತ್ರ ಇನ್ನೊಂದು ಹಿಡಿ ಪುರಿ ಕೇಳಿದಳು.

ಮಾರನೆಯ ದಿನ ಸಿದ್ದಾರ್ಥ ಮಂಡಿಯ ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಹಿಂದಿನ ಗೋಡೆ ಗುಜರಾತು, ಮುಂದಿನ ಬಾಗಿಲು ಕೇರಳ. ನಡುವೆ ಎಂಟು ಜಾಗ. ಒಂದೊಂದು ಜಾಗಕ್ಕೂ ಹತ್ತು ಮನೆ, ಒಂದೊಂದು ಮನೆ ಒಂದೊಂದು ಆಳ. ಇಂಥ ಸಮುದ್ರಗಳು ಮೂರು, ಒಂದೊಂದು ಚಳಿಗಾಲಕ್ಕೆ ಒಂದೊಂದು. ಮರಿತಾಯಮ್ಮ ರುಚಿ ನೋಡಿ ಹೇಳಿದ ಹಾಗೆ ಬಾಟಲಿಗಳು ಮನೆ ಸೇರತೊಡಗಿದವು.

ಅದು ಈರುಳ್ಳಿ ಬರುವ ಕಾಲ. ಮೂಟೆ ಇಳಿಸಲು ಜಾಗ ಸಾಲದೆ ಶಿವಮಲ್ಲಪ್ಪ ಮೊದಮೊದಲು ಸಿಡಿಮಿಡಿಗೊಂಡ. ಗೆರೆ ಎಳೆದ ನಾಲ್ಕನೆಯ ದಿನಕ್ಕೆ ಅವನ ಬಾಯಲ್ಲೇ "ಆ ಹತ್ತು ಮೂಟೆ ಗುಜರಾತ್ ಪಕ್ಕ ಹಾಕ್ರೋ, ಬಾಗಿಲಿಗೆ ಅಡ್ಡ ಬೇಡ, ಕೇರಳ ತುಳೀತೀರ" ಎಂದು ಬರತೊಡಗಿತು. ಲಾರಿ ಕ್ಲೀನರುಗಳು, ತರಕಾರಿ ದಳ್ಳಾಳಿಗಳು, ಕೇರಳದ ಬತ್ತೇರಿಯಿಂದ ಬಂದ ವ್ಯಾಪಾರಿಗಳು ಗೋಡೆಗೊರಗಿ ನಿಂತು ನೋಡುತ್ತಿದ್ದರು. ಬತ್ತೇರಿಯವನೊಬ್ಬ, ತಾನು ಸಮುದ್ರದ ದಂಡೆಯಲ್ಲಿ ಹುಟ್ಟಿದವನು, ಇದೇನು ಮಹಾ ಎಂದು ಒಂದು ಚಮಚ ನೆಕ್ಕಿ, "ಉಪ್ಪ್," ಎಂದಷ್ಟೇ ಹೇಳಿ ನಾಚಿಕೊಂಡು ಹಿಂದೆ ಸರಿದ.

ಚಮಚದ ವಿಷಯವೂ ಇತ್ತು. ಒಂದು ಬಾಟಲಿಯ ನೀರು ಇನ್ನೊಂದಕ್ಕೆ ಸೇರಬಾರದೆಂದು ಸಿದ್ದಾರ್ಥ ಪ್ರತಿ ಸಲವೂ ಚಮಚ ತೊಳೆಯುತ್ತಿದ್ದ. ಶಿವಮಲ್ಲಪ್ಪ ತನಗೆಂದೇ ಮನೆಯಿಂದ ಬೇರೆ ಚಮಚ ತರಿಸಿಟ್ಟುಕೊಂಡಿದ್ದ. ಅದರ ಕಾರಣ ಬೇರೆ, ಮತ್ತು ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಲವತ್ತು ವರ್ಷ ಧಾನ್ಯ, ಬೆಲ್ಲ, ಹುಣಸೆ ಬಾಯಿಗಿಟ್ಟು ನೋಡಿದವನು ತಾನು ಎಂದು ಅವನೂ ಆರು ಬಾಟಲಿ ರುಚಿ ನೋಡಿ ಆರನ್ನೂ ತಪ್ಪು ಮನೆಗೆ ಇಟ್ಟ. ಏಳನೆಯದಕ್ಕೆ ಹೊರಗೆ ಓಡಿದ. ಅವನ ಹೆಂಡತಿ ಕರಿಬಸಮ್ಮ ಮಜ್ಜಿಗೆ ಹಿಡಿದುಕೊಂಡು ಹಿಂದೆ ಓಡಿದಳು.

ಐದನೆಯ ದಿನ ಮರಿತಾಯಮ್ಮ ಒಂದು ಬಾಟಲಿಗೆ ಮುಖ ಸಿಂಡರಿಸಿದಳು.

"ಇದು ಸಮುದ್ರದ್ದಲ್ಲ."

"ಎಲ್ಲಾ ಸಮುದ್ರದ್ದೇ ಅತ್ತೆ."

"ಅಲ್ಲ ಕಣ್ಲಾ. ಇದು ಅಳ್ಳದ ನೀರು. ಅಂಗ್ಡಿ ಉಪ್ಪು ಆಕವ್ರೆ. ಒಸಿ ಅರಿಶ್ಣನೂ ಅದೆ."

ಬಾಗಿಲ ಬಳಿ ಬೀಡಿ ಸೇದುತ್ತಿದ್ದ ಡ್ರೈವರ್ ಬೀರಯ್ಯ ಬೀಡಿ ಬಿಸಾಡಿ ಒಳಗೆ ಬಂದು ಕೈಮುಗಿದ. "ತಪ್ಪಾಯ್ತು ಸಾ. ಕಾಡಲ್ಲಿ ನೀವು ಮಲ್ಗಿದ್ದಾಗ ಆಕ್ಸಲ್ ನೋಡಕ್ಕೆ ಇಳ್ದೆ, ಪೆಟ್ಗೆ ಬಾಯ್ಬಿಟ್ಟು ಒಂದ್ ಬಾಟ್ಲಿ ಬಿದ್ದು ಮುಚ್ಚಳ ಕಿತ್ತೋಗಿ ಸುರ್ದೋಯ್ತು. ಎಣಿಕೆ ಕಮ್ಮಿ ಆಯ್ತದೆ ಅಂತ ಅಳ್ಳದ ನೀರು ತುಂಬ್ಸಿ, ಅಡ್ಗೆ ಡಬ್ಬದಲ್ಲಿದ್ದ ಉಪ್ಪು ಆಕ್ದೆ. ಒಂದ್ ಹಿಡಿ ಸಾಕು ಅನ್ಕಂಡಿದ್ದೆ."

"ಜಾಸ್ತಿ ಆಗ್ಬುಟ್ಟದೆ," ಎಂದಳು ಮರಿತಾಯಮ್ಮ.

ಎಂಟನೆಯ ದಿನಕ್ಕೆ, ಹಳ್ಳದ ನೀರಿನದೊಂದನ್ನು ಬಿಟ್ಟು ಎಲ್ಲ ಬಾಟಲಿಗಳೂ ಮನೆ ಸೇರಿದವು. ಮೊದಲನೆಯ ಮತ್ತು ಮೂರನೆಯ ಚಳಿಗಾಲದ ಸಮುದ್ರಗಳು ಸಿದ್ದಾರ್ಥ ಓದಿದ್ದ ಹಾಗೆಯೇ ಇದ್ದವು. ಬಹಳ ಉಪ್ಪಾದ ಬಾಟಲಿಗಳ ಸಾಲು ಗುಜರಾತಿನ ಗೋಡೆಯ ಬಳಿ ಮೇಲುಮನೆಯಿಂದ ಹೊರಟು, ಬಾಗಿಲ ಕಡೆಗೆ ಬರುಬರುತ್ತ ಒಂದೊಂದೇ ಮನೆ ಕೆಳಗಿಳಿದಿತ್ತು. ಬಾಗಿಲ ಬಳಿ ಅದರ ಮೇಲೆ ಸಪ್ಪೆ, ಕೆಳಗೂ ಸಪ್ಪೆ.

"ಇದ್ಯಾವ ನ್ಯಾಯ? ಉಪ್ಪಿಗೆ ತೂಕ ಜಾಸ್ತಿ ಅಂತೀಯ. ನಡುವೆ ನಿಲ್ಲೋದು ಯಾಕೆ? ತಳಕ್ಕೆ ಹೋಗ್ಬೇಕಲ್ಲ?" ಎಂದು ಶಿವಮಲ್ಲಪ್ಪ ತಗಾದೆ ತೆಗೆದ.

"ಮೇಲಿನ ಸಪ್ಪೆ ನೀರು ಬಂಗಾಳದ ಕಡೆಯಿಂದ ಕನ್ಯಾಕುಮಾರಿ ಸುತ್ತಿ ಬಂದದ್ದು ಸಾರ್, ಹಗುರ. ತಳದ್ದರಲ್ಲಿ ಉಪ್ಪು ಕಮ್ಮಿ, ಆದರೆ ಬಹಳ ತಣ್ಣಗಿರ್ತದೆ. ತಣ್ಣಗಿದ್ರೂ ತೂಕವೇ."

ಮರಿತಾಯಮ್ಮ ತಲೆಯಾಡಿಸಿದಳು. "ತನ್ ತೂಕದವ್ರು ಸಿಕ್ಕೋಗಂಟ ಇಳೀತದೆ ಬುದ್ದಿ. ಸಿಕ್ದ ಮ್ಯಾಕೆ ಅವ್ರ ಜೊತೇಲಿ ನಡೀತದೆ."

ಆದರೆ ಎರಡನೆಯ ಚಳಿಗಾಲದ ಸಮುದ್ರ ಹಾಗಿರಲಿಲ್ಲ. ಉಪ್ಪಿನ ಸಾಲು ಎರಡು ಮನೆ ಇಳಿದು, ಅರ್ಧ ದಾರಿಯಲ್ಲೇ, ಸರಿಯಾಗಿ ತಕ್ಕಡಿಯ ಹತ್ತಿರ, ನಿಂತುಹೋಗಿತ್ತು.

"ಆ ವರ್ಸ ಸರ್ಯಾಗಿ ಮುಳುಗೇ ಇಲ್ಲ ಕಣ್ಲಾ," ಎಂದಳು ಮರಿತಾಯಮ್ಮ. "ಚಳಿ ಸಾಲ್ದು, ಗಾಳಿ ಸಾಲ್ದು. ಇದು ಚಳಿ ಕಾಣ್ದೇ ಇರೋ ನೀರು."

ಸಿದ್ದಾರ್ಥ ತನ್ನ ನೋಟ್‌ಬುಕ್ ತಿರುವಿದ. ಆ ವರ್ಷ ಹಡಗಿನ ಮೇಲೆ ಗಾಳಿ ಮಂದವಾಗಿತ್ತೆಂದು ಅವನೇ ಬರೆದುಕೊಂಡಿದ್ದ.

ಶಿವಮಲ್ಲಪ್ಪ ಒಪ್ಪಲಿಲ್ಲ. ತಕ್ಕಡಿಯ ಎಡಗಡೆಯ ಬಾಟಲಿಗೂ ಬಲಗಡೆಯದಕ್ಕೂ ವ್ಯತ್ಯಾಸವೇ ಇರಲಾರದು ಎಂದು ವಾದಕ್ಕಿಳಿದ. "ಎಲ್ಲಿ, ಕೊಡು ಇಲ್ಲಿ," ಎಂದು ಮರಿತಾಯಮ್ಮನ ಕೈಯಿಂದ ಚಮಚ ಕಸಿದುಕೊಂಡು ಬಾಯಿಗಿಟ್ಟ. ಆಮೇಲೆ ಇನ್ನೊಂದು. ಬಾಯಿ ಚಪ್ಪರಿಸಿ, ಹುಬ್ಬು ಏರಿಸಿ, "ಇದೆ ಕಣಯ್ಯ. ಕೂದಲೆಳೆಯಷ್ಟು ಇದೆ," ಎಂದ. ತಾನು ಯಾರ ಚಮಚ ಹಿಡಿದಿದ್ದೇನೆಂದು ಅವನಿಗೆ ಹೊಳೆದದ್ದು ಸ್ವಲ್ಪ ತಡವಾಗಿ. ಕರಿಬಸಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮಾರನೆಯ ಬೆಳಿಗ್ಗೆ ಮಂಡಿಗೆ ಕಾಫಿ ಬಂದಾಗ ಎಲ್ಲರಿಗೂ ಒಂದೇ ಥರದ ಸ್ಟೀಲ್ ಲೋಟ ಬಂತು.

ಸಿದ್ದಾರ್ಥ ಎಸ್‌ಟಿಡಿ ಬೂತಿನಿಂದ ಕೊಚ್ಚಿಗೆ ಫೋನು ಮಾಡಿದ. ಎರಡು ದಿನದಲ್ಲಿ ಅವನ ಮೇಲಧಿಕಾರಿ ಡಾಕ್ಟರ್ ಚಿಕ್ಕಬಸವಯ್ಯ ಬಂದಿಳಿದ. ಚಿಕ್ಕಬಸವಯ್ಯ ಕೆಟ್ಟವನಲ್ಲ, ನಿಯಮದವನು. ಮಂಡಿಯ ಸಮುದ್ರವನ್ನು ಮೂರು ಸಲ ಸುತ್ತಿ ಬಂದು ಹೇಳಿದ:

"ಅದ್ಭುತ. ಆದರೆ ಉಪಯೋಗವಿಲ್ಲ. ನಮ್ಮ ನಿಯಮದ ಪ್ರಕಾರ ಅಳತೆ ಮಾಡಬೇಕಾದ್ದು ಕಚೇರಿಗೆ ಸೇರಿದ, ದಾಸ್ತಾನು ಪುಸ್ತಕದಲ್ಲಿ ನಮೂದಾದ, ಪರೀಕ್ಷಿಸಿ ಸರಿ ಎಂದು ಪ್ರಮಾಣಪತ್ರ ಕೊಟ್ಟ ಉಪಕರಣ. ಇವರು ಮನುಷ್ಯರು."

"ಹಾಗಾದರೆ ಏನು ಮಾಡೋದು ಸಾರ್?"

ಚಿಕ್ಕಬಸವಯ್ಯ ಕನ್ನಡಕ ಒರೆಸಿಕೊಂಡ. "ನಮೂದು ಮಾಡೋಣ."

ಹೀಗೆ ಮರಿತಾಯಮ್ಮ ದಾಸ್ತಾನು ಪುಸ್ತಕ ಸೇರಿದಳು. ಲವಣಮಾಪಕ, ಒಂದು. ಬಣ್ಣ: ಕಂದು. ಎತ್ತರ: ಐದಡಿ ಆರಂಗುಲ. ತಯಾರಾದ ಸ್ಥಳ: ಉಡಿಗಾಲ. ಕ್ರಮಸಂಖ್ಯೆ ಹದಿನೇಳು. ಸಿದ್ದಾರ್ಥ ಅತ್ತೆಗೆ ಓದಿ ಹೇಳಿದ. ಅವಳು ಅಂಗುಲದ ಬಗ್ಗೆ ಮಾತ್ರ ತಕರಾರು ಮಾಡಿದಳು.

ಪರೀಕ್ಷೆಗೆ ಇಂಗ್ಲೆಂಡಿನಿಂದ ಬಂದ ಒಂದು ಗಾಜಿನ ಕೊಳವೆ ತೆಗೆದರು. ಅದರೊಳಗೆ ಇದ್ದದ್ದು ಪ್ರಮಾಣದ ಸಮುದ್ರ ನೀರು. ಲೋಕದ ಉಪ್ಪುಯಂತ್ರಗಳೆಲ್ಲ ತಮ್ಮನ್ನು ಹೊಂದಿಸಿಕೊಳ್ಳುವುದು ಅದಕ್ಕೆ. ಮರಿತಾಯಮ್ಮ ಎರಡು ಹನಿ ಬಾಯಿಗೆ ಬಿಟ್ಟುಕೊಂಡಳು.

"ನಮ್ ಕಡೆದಲ್ಲ. ನಮ್ದಕ್ಕಿಂತ ಒಸಿ ಸಪ್ಪೆ. ಚೆಂದಾಗಿ ಸೋಸವ್ರೆ. ಬೋ ದಿನದಿಂದ ಗಾಜಲ್ಲೇ ಕುಂತದೆ ಪಾಪ, ಬೇಜಾರಾಗ್ಬುಟ್ಟದೆ."

ಚಿಕ್ಕಬಸವಯ್ಯ ಪ್ರಮಾಣಪತ್ರಕ್ಕೆ ಸಹಿ ಹಾಕಿದ.

ತೊಂದರೆ ಶುರುವಾದದ್ದು ಆಮೇಲೆ. ದಾಸ್ತಾನು ಪುಸ್ತಕದಲ್ಲಿ ಇರುವ ಉಪಕರಣವನ್ನು ಈರುಳ್ಳಿ ಮಂಡಿಯಲ್ಲಿ ಬಿಡುವ ಹಾಗಿಲ್ಲ. ಧೂಳಿಲ್ಲದ ಕೋಣೆಯಲ್ಲಿ, ಬೀಗ ಹಾಕಿ, ಉಗ್ರಾಣಿಕನ ವಶದಲ್ಲಿ ಇಡಬೇಕು. ಕಚೇರಿ ಚಾಮರಾಜನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಿತು. ಉಗ್ರಾಣಿಕನಾಗಿ ಕೊಚ್ಚಿಯಿಂದ ವರ್ಗವಾಗಿ ಬಂದವನು ಮೂಗಯ್ಯ. ಅವನು ಚಾಮರಾಜನಗರದವನೇ. ಹದಿನಾಲ್ಕು ವರ್ಷ ಊರಿಗೆ ವರ್ಗ ಕೇಳಿ ಕೇಳಿ ಸೋತಿದ್ದವನಿಗೆ ಮರಿತಾಯಮ್ಮ ದೇವರು ಕೊಟ್ಟ ಉಪಕರಣವಾಗಿ ಕಂಡಳು. ಮಂಚ ತಂದು ಹಾಕಿಸಿದ, ಸೀಮೆಎಣ್ಣೆ ಸ್ಟವ್ ತಂದುಕೊಟ್ಟ. ಹೆಂಗಸನ್ನು ಒಳಗೆ ಹಾಕಿ ಬೀಗ ಜಡಿಯಲು ಅವನಿಗೆ ಮನಸ್ಸು ಬರಲಿಲ್ಲ. ಜಡಿಯದೆ ಇದ್ದರೆ ನಿಯಮ ತಪ್ಪುತ್ತಿತ್ತು. ಕೊನೆಗೆ ಬೀಗವನ್ನೂ ಕೀಲಿಯನ್ನೂ ಅವಳ ಕೈಗೇ ಕೊಟ್ಟು, "ಉಪಕರಣವು ಬೀಗಸಹಿತ ಸುರಕ್ಷಿತವಾಗಿದೆ" ಎಂದು ದಿನವೂ ಬರೆದುಕೊಳ್ಳತೊಡಗಿದ.

ಮಂಡಿಯ ಕೂಲಿಗಿಂತ ಇಲ್ಲಿ ಮೈಗೆ ಸುಖವಿತ್ತು. ಇಂಧನ ಎಂಬ ಹೆಸರಿನಲ್ಲಿ ಎರಡು ಹೊತ್ತಿನ ಊಟ ಬರುತ್ತಿತ್ತು. ಆದರೆ ಮರಿತಾಯಮ್ಮನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಕಿಟಕಿಯಲ್ಲಿ ಕೂತು ದಾರಿಹೋಕರನ್ನು ಕರೆದು ಮಾತಾಡಿಸುತ್ತಿದ್ದಳು. ಎಲೆಅಡಿಕೆಯನ್ನೂ ನಿಲ್ಲಿಸಿದ್ದರು. ಅದು ಅವಳಿಗೆ ಎಲ್ಲಕ್ಕಿಂತ ದೊಡ್ಡ ದುಃಖವಾಗಿತ್ತು.

ಜೂನ್ ತಿಂಗಳಲ್ಲಿ ಭೀಮನಬೀಡಿನಿಂದ ಮಗಳು ಕುಮಾರಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂತು. ಮರಿತಾಯಮ್ಮ ಸೆರಗು ಕಟ್ಟಿಕೊಂಡು ಹೊರಟು ನಿಂತಳು. ಮೂಗಯ್ಯ ಬಾಗಿಲಿಗೆ ಅಡ್ಡ ನಿಂತ. ಅವನ ಕಣ್ಣಲ್ಲಿ ನೀರಿತ್ತು.

"ಅಮ್ಮ, ಗೇಟ್‌ಪಾಸ್ ಇಲ್ದೆ ಉಪಕರಣ ಹೊರಗೆ ಹೋಗಂಗಿಲ್ಲ. ಪಾಸಲ್ಲಿ ಎರಡೇ ಕಾರಣ ಅದೆ. ಒಂದು ರಿಪೇರಿ, ಇನ್ನೊಂದು ಎರವಲು."

"ನನ್ ಮಗ್ಳು ನೋವ್ ತಿಂತಾವ್ಳೆ ಕಣಪ್ಪ. ಯಾವ್ದಾರ ಒಂದು ಬರ್ಕ, ದಾರಿ ಬುಡು."

ಮೂಗಯ್ಯ ಎರವಲು ಎಂದು ಬರೆದ. ಎರವಲು ಪಡೆದವರ ಸಹಿ ಬೇಕಿದ್ದರಿಂದ ತಾನೇ ಜೊತೆಗೆ ಬಸ್ಸು ಹತ್ತಿದ. ಭೀಮನಬೀಡಿನಲ್ಲಿ ಹೆರಿಗೆಯಾಗಿ, ಹೆಣ್ಣುಮಗು ಅತ್ತು, ಬಿಸಿನೀರು ಕಾಯಿಸಿ ಎಲ್ಲ ಮುಗಿದ ಮೇಲೆ, ಜಗಲಿಯ ಮೇಲೆ ಕಾದು ಕೂತಿದ್ದ ಮೂಗಯ್ಯ ಸಂಕೋಚದಿಂದ ಹಾಳೆ ಒಳಗೆ ಕಳಿಸಿದ. ಕುಮಾರಿ ಮಲಗಿದ್ದಲ್ಲೇ ಓದಿದಳು. "ಮೇಲ್ಕಂಡ ಉಪಕರಣವನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ."

"ಏನವ್ವ ಇದು?"

"ನಾನೇ ಕಣಮ್ಮಿ. ಸೈನ್ ಮಾಡು."

ಎರವಲಿನ ಅವಧಿ ಒಂದು ವಾರ. ಮರಿತಾಯಮ್ಮ ಬಾಣಂತನ ಮುಗಿಸಿ ಮೂರು ತಿಂಗಳಿಗೆ ಬಂದಳು. ಅಷ್ಟರಲ್ಲಿ ಕೊಚ್ಚಿಯಿಂದ ಕುಮಾರಿಗೆ ಐದು ಜ್ಞಾಪನಪತ್ರಗಳು ಬಂದಿದ್ದವು.

ನವೆಂಬರಿನಲ್ಲಿ ಮೈಸೂರಿನ ಯಂತ್ರದ ಫಲಿತಾಂಶ ಬಂತು. ಲಾರಿ ರಿಪೇರಿಯಾಗಿ, ಹೊಸ ಚೀಟಿಯೊಂದಿಗೆ ಹೋದ ಬಾಟಲಿಗಳು ಅಲ್ಲಿ ಸರದಿಯಲ್ಲಿ ಎಂಟು ತಿಂಗಳು ಕಾದಿದ್ದವು. ಮರಿತಾಯಮ್ಮ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಎರಡನೆಯ ಚಳಿಗಾಲದ ನೀರು ನಿಜವಾಗಿಯೂ ಅರ್ಧ ದಾರಿಯಲ್ಲೇ ನಿಂತಿತ್ತು. ಸಿದ್ದಾರ್ಥ ವರದಿ ಬರೆದು ಅತ್ತೆಗೆ ತೋರಿಸಲು ಚಾಮರಾಜನಗರಕ್ಕೆ ಬಂದ.

"ನಿನ್ ಎಸ್ರು ಯಾವ್ದು ಇದ್ರಲ್ಲಿ?" ಎಂದು ಕೇಳಿದಳು. ತೋರಿಸಿದ.

"ಆ ದೊಡ್ಡ ಸಾಯೇಬ್ರುದ್ದು?" ತೋರಿಸಿದ.

"ನಂದು?"

ಸಿದ್ದಾರ್ಥ ಕೆಳಗಿನ ಒಂದು ಸಣ್ಣ ಸಾಲಿನ ಮೇಲೆ ಬೆರಳಿಟ್ಟ. "ಲವಣಮಾಪಕ, ಕ್ರಮಸಂಖ್ಯೆ ಹದಿನೇಳು."

ಮರಿತಾಯಮ್ಮ ಕೋಪ ಮಾಡಿಕೊಳ್ಳಲಿಲ್ಲ. ಹಾಳೆಯನ್ನು ನಿಧಾನವಾಗಿ ಅವನ ಕೈಗೆ ಹಿಂದಿರುಗಿಸಿದಳು. "ನಿಮ್ಮಪ್ಪ ನನ್ನ ಎಸ್ರು ಇಡ್ದು ಕರೀತಾನೆ ಕಣ್ಲಾ ಸಿದ್ದ. ಬರ್ಯಕ್ ಬರ್ದಿರೋನು, ಆದ್ರೂ ಎಸ್ರು ಇಡ್ದು ಕರೀತಾನೆ."

ಸಿದ್ದಾರ್ಥ ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡ. ಉಳಿದ ದಿನವೆಲ್ಲ ಅವನು ಊಟ ಮಾಡಲಿಲ್ಲ. ಮರುದಿನ ಕೊಚ್ಚಿಗೆ ಹೋಗಿ ಚಿಕ್ಕಬಸವಯ್ಯನ ಮುಂದೆ ನಿಂತು, ಅತ್ತೆಯ ಹೆಸರು ವರದಿಯಲ್ಲಿ ತನ್ನ ಹೆಸರಿಗಿಂತ ಮೊದಲು ಬರಬೇಕು, ಇಲ್ಲದಿದ್ದರೆ ತನ್ನದೂ ಬೇಡ ಎಂದ. ಚಿಕ್ಕಬಸವಯ್ಯ ದಾಸ್ತಾನು ಪುಸ್ತಕ ತಿರುವಿ ನೋಡಿ, ದಾಸ್ತಾನಿನಲ್ಲಿ ಇರುವವರೆಗೆ ಉಪಕರಣ ಲೇಖಕಿಯಾಗಲಾರದು, ಮೊದಲು ಅದನ್ನು ನಿರುಪಯೋಗಿ ಎಂದು ತೆಗೆದುಹಾಕಬೇಕು ಎಂದ.

ಡಿಸೆಂಬರಿನಲ್ಲಿ ಮೂವರ ಸಮಿತಿ ಚಾಮರಾಜನಗರಕ್ಕೆ ಬಂತು. ಮೇಜಿನ ಮೇಲೆ ಐದು ಲೋಟ ನೀರಿಟ್ಟರು. ಸಿದ್ದಾರ್ಥ ಅತ್ತೆಗೆ ಹಿಂದಿನ ದಿನವೇ ಹೇಳಿಕೊಟ್ಟಿದ್ದ: ಉಪ್ಪಿದ್ದರೆ ಸಪ್ಪೆ ಅನ್ನು, ಸಪ್ಪೆ ಇದ್ದರೆ ಉಪ್ಪು ಅನ್ನು, ಅಷ್ಟೇ.

ಮರಿತಾಯಮ್ಮ ಮೊದಲ ಲೋಟ ಬಾಯಿಗಿಟ್ಟಳು. ಸಮಿತಿ ಪೆನ್ನು ಎತ್ತಿತು. ಅವಳು ಲೋಟ ಕೆಳಗಿಟ್ಟಳು. ಸಿದ್ದಾರ್ಥನ ಕಡೆ ನೋಡಿದಳು.

"ಆಯ್ತಾ ಇಲ್ಲ ಕಣ್ಲಾ ಮೊಗ. ನಾಲ್ಗೆ ತಿರುಗ್ತಾ ಇಲ್ಲ." ಉಳಿದ ಲೋಟಗಳನ್ನೂ ಒಂದೊಂದಾಗಿ ರುಚಿ ನೋಡಿ ಸಮಿತಿಯ ಕಡೆ ತಿರುಗಿದಳು. "ಇದು ಇಲ್ಲಿಯ ನಲ್ಲಿ ನೀರು, ಇದ್ಕೆ ಕಾಲ್ ಚಮಚ ಉಪ್ಪು ಆಕಿದ್ದೀರಿ. ಅದು ಮಳೆ ನೀರು. ಅದು ಎಳನೀರ್ಗೆ ನೀರು ಬೆರೆಸಿರೋದು. ಆ ಎರಡೂ ಒಂದೇ, ಲೋಟ ಮಾತ್ರ ಬ್ಯಾರೆ."

ಐದೂ ಸರಿ. ಸಮಿತಿಯ ಅಧ್ಯಕ್ಷ ಬೇಸರದಿಂದ ತಲೆಯಾಡಿಸಿದ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಉಪಕರಣ ಇಡೀ ಇಲಾಖೆಯಲ್ಲಿ ಇನ್ನೊಂದಿರಲಿಲ್ಲ. ಅದನ್ನು ನಿರುಪಯೋಗಿ ಎಂದು ಬರೆಯುವುದು ಹೇಗೆ? ಮೂವರೂ ಫೈಲು ಕಟ್ಟಿ ಏಳುವುದರಲ್ಲಿದ್ದರು.

ಆಗ ಮೂಲೆಯಲ್ಲಿ ನಿಂತಿದ್ದ ಮೂಗಯ್ಯ ಕೆಮ್ಮಿದ. ಮರಿತಾಯಮ್ಮ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ತಾನು ಮತ್ತೆ ಕೊಚ್ಚಿಗೆ ಹೋಗಬೇಕಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಸಾರ್, ನಿಯಮದಲ್ಲಿ ಇನ್ನೊಂದು ಅದೆ. ಅಳತೆಯ ಉಪಕರಣದ ಆಯಸ್ಸು ಹದಿನೈದು ವರ್ಷ. ಆಮೇಲೆ ಹೇಗಿದ್ರೂ ತೆಗೆದುಹಾಕ್ಬೇಕು. ಈಯಮ್ಮ ತಯಾರಾಗಿ ಐವತ್ತೆರಡು ವರ್ಷ ಆಯ್ತು."

ಅಧ್ಯಕ್ಷ ಬೆರಳು ಮಡಿಸಿ ಲೆಕ್ಕ ಹಾಕಿದ. "ಅಂದರೆ ಮೂವತ್ತೇಳು ವರ್ಷದ ಹಿಂದೆಯೇ ತೆಗೆಯಬೇಕಾಗಿತ್ತು! ಯಾರೂ ಗಮನಿಸಿಲ್ಲ!" ಎಂದು ಗಾಬರಿಯಿಂದ ಅಲ್ಲೇ ಸಹಿ ಹಾಕಿದ. ಉಳಿದಿಬ್ಬರೂ ಹಾಕಿದರು. ಮರಿತಾಯಮ್ಮ ಮೂಗಯ್ಯನ ಕೈಹಿಡಿದುಕೊಂಡು, ಏನು ಹೇಳಬೇಕೆಂದು ತೋಚದೆ, ಬೀಗದ ಕೀಲಿಯನ್ನು ಅವನ ಅಂಗೈಯಲ್ಲಿ ಇಟ್ಟಳು. ಬೀದಿಗೆ ಇಳಿದು ಮೊದಲ ಅಂಗಡಿಯಲ್ಲೇ ಎಲೆಅಡಿಕೆ ಕೊಂಡು ಬಾಯಿಗೆ ಹಾಕಿಕೊಂಡಳು.

ವರದಿ ಅಚ್ಚಾದಾಗ ಮೊದಲ ಹೆಸರು ಮರಿತಾಯಮ್ಮನದಿತ್ತು. ಮುಂದಿನ ಬಾಟಲಿಗಳಿಗೆ ದಿನಗೂಲಿಯ ಮೇಲೆ ಕರೆಸುತ್ತೇವೆಂದು ಕಾಗದವೂ ಬಂತು. ಜನವರಿಯಲ್ಲಿ ಸಿದ್ದಾರ್ಥ ಅವಳನ್ನು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಕೋಳಿಕ್ಕೋಡಿಗೆ ಕರೆದುಕೊಂಡು ಹೋದ. ಅವಳು ಸಮುದ್ರ ನೋಡಿರಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಮರಳ ಮೇಲೆ ಚಪ್ಪಲಿ ಬಿಟ್ಟು ನಿಂತಳು. ಸಿದ್ದಾರ್ಥ ಅವಳ ಮುಖವನ್ನೇ ನೋಡುತ್ತಿದ್ದ.

"ಮುಳುಗೋದು ಎಲ್ಲಿ?" ಎಂದು ಕೇಳಿದಳು.

"ಆ ಕಡೆ ಅತ್ತೆ. ಬೋ ದೂರ. ಈಗ ಮುಳುಗ್ತಾ ಇರ್ತದೆ. ಇಲ್ಲಿಗೆ ಬರೋಕೆ ತಿಂಗಳುಗಟ್ಲೆ ಬೇಕು."

"ಕಾಣಾಕಿಲ್ವ?"

"ಇಲ್ಲ. ಯಾರ್ಗೂ ಕಾಣಾಕಿಲ್ಲ."

ಅವಳು ಬಗ್ಗಿ ಒಂದು ಬೊಗಸೆ ನೀರೆತ್ತಿದಳು. ನಾಲಿಗೆಗೆ ಮುಟ್ಟಿಸಿ ಚೆಲ್ಲಿದಳು. ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಸೊಂಟದವರೆಗೆ ಸೀರೆ ತೋಯಿಸಿಬಿಟ್ಟಿತು. ಮರಿತಾಯಮ್ಮ ಸಮುದ್ರವನ್ನು, ಅದರ ಅಪ್ಪ ಅಮ್ಮನನ್ನು ಸೇರಿಸಿ ಬಾಯಿತುಂಬ ಬೈದಳು. ಆಮೇಲೆ ನಗು ತಡೆಯಲಾರದೆ ಮರಳ ಮೇಲೆ ಕೂತುಬಿಟ್ಟಳು. ಸೀರೆ ಒಣಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದು, ನಾಲ್ಕು ಗಂಟೆಯ ಬಸ್ಸಿಗೆ ವಾಪಸು ಹೊರಟರು.